ಗಾಡಿ ನಿಲ್ಲಿಸುವ ಕೆಲಸ

ನನ್ನ ತಮ್ಮನ ಮಗಳು ಸುನೀತಾ ಪೊಲೀಸ್ ಭರ್ತಿಯಲ್ಲಿ ಆಯ್ಕೆಯಾದ ದಿನ ಪೇಡೆ ಹಿಡಿದುಕೊಂಡು ಮನೆಗೆ ಬಂದಳು. ಕಾಲಿಗೆ ಬಿದ್ದಳು, ಪೇಡೆಯನ್ನು ನನ್ನ ಬಾಯಿಗಿಟ್ಟಳು, ಅದು ಗಂಟಲಿಗೆ ಇಳಿಯುವ ಮೊದಲೇ ಕೇಳಿದಳು:

"ದೊಡ್ಡಪ್ಪಾ, ಖರೇ ಹೇಳ್ರಿ. ಟ್ರಾಫಿಕ್‌ನ್ಯಾಗ ಇದ್ದಾಗ ನೀವು ಎಷ್ಟು ಮಂದೀನ ಹೊಡದೀರಿ?"

ಪೇಡೆ ನೆತ್ತಿಗೇರಿತು. ಕೆಮ್ಮು ನಿಲ್ಲುವಷ್ಟರಲ್ಲಿ ಅವಳು ಫೋನಿನಲ್ಲಿ ಮುಳುಗಿದ್ದಳು. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ಮೂವತ್ತೆರಡು ವರ್ಷ ಸಾಂಗ್ಲಿ-ಮಿರಜದ ರಸ್ತೆಗಳ ಮೇಲೆ ನಿಂತವನು ನಾನು. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಸರ್ವಿಸ್ ಬುಕ್ಕಿನಲ್ಲಿದೆ, ಬೇಕಾದವರು ನೋಡಿಕೊಳ್ಳಬಹುದು. ಅದರಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ. ಹೊಸದಾಗಿ ಖಾಕಿ ಹಾಕುವ ಮಕ್ಕಳು ಓದಿ ನಗಲಿ. ನಕ್ಕದ್ದು ಬೇಗ ಮರೆತುಹೋಗುವುದಿಲ್ಲ.

ನಾನು ಮಾಳಪ್ಪ. ಜತ್ತ ತಾಲೂಕಿನ ಗಡಿ ಹಳ್ಳಿಯ ಕುರಿ ಸಾಕುವ ಮನೆಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕುರಿಗಳ ಹತ್ತಿರ ಎರಡೂ ಅಲ್ಲದ ಮೂರನೆಯ ಒಂದು ಭಾಷೆ. ಟ್ರಾಫಿಕ್ ಶಾಖೆಗೆ ಬಂದಾಗ ಮೂರನೆಯದೇ ಸಾಕಾಗುತ್ತದೆ ಎಂದುಕೊಂಡಿದ್ದೆ.

ಆಗ ಹಿರಿಯ ಹವಾಲ್ದಾರರು ಹೊಸಬರಿಗೆ ಕಲಿಸುತ್ತಿದ್ದ ಮೊದಲ ಪಾಠ ಒಂದೇ: ಗಾಡಿ ಅಡ್ಡಗಟ್ಟಿದರೆ ಮೊದಲು ಕೀಲಿ ಕಿತ್ತುಕೊಳ್ಳಬೇಕು. ಕೀಲಿ ನಮ್ಮ ಕೈಗೆ ಬಂದರೆ ಮನುಷ್ಯ ನಮ್ಮ ಕೈಗೆ ಬಂದ ಹಾಗೆ.

ಸಾಂಗ್ಲಿವಾಡಿಯಿಂದ ಸೇತುವೆ ದಾಟಿ ಬರುವ ತುದಿಯಲ್ಲಿ ಒಂದು ಬೆಳಿಗ್ಗೆ ನಿಂತಿದ್ದೆ. ಎಡಕ್ಕೆ ವಾಲಿದ ಒಂದು ಹಳೆಯ ಸ್ಕೂಟರ್ ಬಂತು. ಬಿಳಿ ಟೊಪ್ಪಿಗೆಯ ಅಜ್ಜ, ಕಾಲ ನಡುವೆ ಬದನೆಕಾಯಿ ಚೀಲ. ನಾನು ಕೈ ಅಡ್ಡ ಹಿಡಿದೆ. ಅವರು ನಮಸ್ಕಾರ ಮಾಡಿ ಮುಂದೆ ಹೋದರು. ನನಗೆ ಸಿಟ್ಟು ಬಂತು. ಓಡಿ ಹೋಗಿ ಕೈ ತೂರಿಸಿ ಕೀಲಿ ಕಿತ್ತೆ.

ಕೀಲಿ ಬಂತು. ಸ್ಕೂಟರ್ ನಿಲ್ಲಲಿಲ್ಲ.

ಆ ಸ್ಕೂಟರಿಗೂ ಅದರ ಕೀಲಿಗೂ ಸಂಬಂಧ ಕಡಿದು ಎಷ್ಟೋ ವರ್ಷಗಳಾಗಿದ್ದವು ಎಂದು ನನಗೇನು ಗೊತ್ತು? ಅಷ್ಟರಲ್ಲಿ ನನ್ನ ತೋಳಿನ ಗುಂಡಿ ಬ್ರೇಕಿನ ತಂತಿಗೆ ಸಿಕ್ಕಿಕೊಂಡಿತು. ಸ್ಕೂಟರಿನ ಜೊತೆಗೆ ನಾನೂ ಓಡತೊಡಗಿದೆ. ಬಾಯಲ್ಲಿ ಸೀಟಿ ಇತ್ತು, ಹೆದರಿಕೆಯ ಪ್ರತಿ ಉಸಿರಿಗೂ ಅದು ಕೂಗುತ್ತಿತ್ತು. ಜನ ಇದ್ಯಾರೋ ದೊಡ್ಡವರ ಮೆರವಣಿಗೆ ಎಂದು ದಾರಿ ಬಿಟ್ಟರು. "ಸೋಡಾ ಕೀ, ಸೋಡಾ!" ಬಿಡಿ, ಬಿಡಿ ಎಂದು ಅಜ್ಜ ಮರಾಠಿಯಲ್ಲಿ ಒಂದೇ ಸಮನೆ ಹೇಳುತ್ತಿದ್ದರು. ಬಿಡಲು ನಾನೆಲ್ಲಿ ಹಿಡಿದುಕೊಂಡಿದ್ದೆ? ಕೊನೆಗೆ ಗುಂಡಿ ಕಿತ್ತು ಬಂತು, ನಾನು ರಸ್ತೆಯ ಮೇಲೆ ಉರುಳಿದೆ. ಕಣ್ಣು ಬಿಟ್ಟಾಗ ಮೂಗಿನಿಂದ ಒಂದು ಮೊಳ ದೂರದಲ್ಲಿ ಬಸ್ಸಿನ ಗಾಲಿ ನಿಂತಿತ್ತು.

ಬಸ್ಸಿನ ಡ್ರೈವರ್ ಇಳಿದು ಬಂದ. ಅವನ ಮುಖದಲ್ಲಿ ರಕ್ತವಿರಲಿಲ್ಲ. "ಹವಾಲ್ದಾರ್, ಆಜ್ ತುಮಚಾ ವಾಢದಿವಸ್," ಅಂದ. ಇವತ್ತು ನಿಮ್ಮ ಹುಟ್ಟಿದ ಹಬ್ಬ ಎಂದು.

ಅರ್ಧ ಗಂಟೆಯ ಮೇಲೆ ಅಜ್ಜ ತಾವೇ ವಾಪಸು ಬಂದರು. ಕ್ಷಮೆ ಕೇಳಲು ಅಲ್ಲ. ಆ ಗೊಂಚಲಿನಲ್ಲಿ ಅವರ ದೇವರ ಮನೆಯ ಕಪಾಟಿನ ಕೀಲಿಯೂ ಇತ್ತಂತೆ, ಪೂಜೆ ನಿಂತಿತ್ತಂತೆ. ಕೊಟ್ಟು ಕೈ ಮುಗಿದೆ. ಅವರನ್ನು ಯಾವ ತಪ್ಪಿಗೆ ನಿಲ್ಲಿಸಲು ಹೋಗಿದ್ದೆನೋ ಇವತ್ತಿಗೂ ನೆನಪಿಗೆ ಬರುತ್ತಿಲ್ಲ.

ಅದಾದ ಮೇಲೆ ಕೀಲಿಯ ತಂಟೆಗೆ ಹೋಗಲಿಲ್ಲ. ಕೋಲು ಹಿಡಿದೆ. ಬುದ್ಧಿ ಒಂದೇ ಸಲಕ್ಕೆ ಬರುವುದಿಲ್ಲ ನೋಡಿ.

ಕಸಬೆ ಡಿಗ್ರಜದ ರಸ್ತೆಯಲ್ಲಿ ಒಬ್ಬ ಹಾಲಿನವನು ಮೋಟರ್‌ಸೈಕಲ್ಲಿಗೆ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ. ಹಿಂದಿನ ದಿನ ಅವನ ಹಿಂಬದಿಯ ದೀಪ ಒಡೆದದ್ದನ್ನು ನೋಡಿದ್ದೆ. ಹೇಳೋಣ ಎಂದು ಕೈ ತೋರಿಸಿದೆ. ಅವನು ಕಣ್ಣು ಅಗಲಿಸಿಕೊಂಡು ನನ್ನತ್ತಲೇ ಬಂದ, ನಿಲ್ಲಿಸುವ ಯಾವ ಲಕ್ಷಣವೂ ಕಾಣಲಿಲ್ಲ. ನನಗೇ ಸವಾಲು ಹಾಕುತ್ತಿದ್ದಾನೆ ಅನ್ನಿಸಿತು. ಕೋಲನ್ನು ಅಡ್ಡ ಚಾಚಿದೆ.

ಕೋಲು ಮುಂದಿನ ಗಾಲಿಗೆ ಸಿಕ್ಕಿತು. ಗಾಡಿ ಒಂದು ಕಡೆ, ಕ್ಯಾನು ಎರಡು ಕಡೆ, ಅವನು ರಸ್ತೆ ಬದಿಯ ಕಬ್ಬಿನೊಳಗೆ. ನಾನು ತಲೆಯಿಂದ ಬೂಟಿನವರೆಗೆ ಹಾಲು. ಹಾಲು ತೊಟ್ಟಿಕ್ಕುತ್ತಲೇ ಕಬ್ಬಿನೊಳಗೆ ನುಗ್ಗಿ ನೋಡಿದರೆ ಅವನು ಅಂಗಾತ ಬಿದ್ದಿದ್ದಾನೆ, ಕಣ್ಣು ಮುಚ್ಚಿದೆ, ಅಲುಗಾಟವಿಲ್ಲ.

ಆಗ ಕಳೆದದ್ದು ಎರಡು ನಿಮಿಷವಿದ್ದೀತು. ಅಷ್ಟರಲ್ಲಿ ಅವನ ಹೆಂಡತಿಗೆ ಏನು ಹೇಳುವುದು, ಸಾಹೇಬರಿಗೆ ಏನು ಹೇಳುವುದು, ನನ್ನ ಅಪ್ಪನಿಗೆ ಏನು ಹೇಳುವುದು ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ. ಒಡೆದ ದೀಪದ ಸಲುವಾಗಿ ಒಬ್ಬನನ್ನು ಕೊಂದೆ ಎಂದು ಯಾವ ಭಾಷೆಯಲ್ಲಿ ಹೇಳಿದರೂ ಕೇಳುವ ಹಾಗಿರಲಿಲ್ಲ. ಅವನ ಎದೆಯ ಮೇಲೆ ಕಿವಿ ಇಟ್ಟೆ. ನನ್ನ ಟೊಪ್ಪಿಗೆಯಿಂದ ಅವನ ಮುಖದ ಮೇಲೆ ಹಾಲು ಸುರಿಯಿತು. ಅವನು ತುಟಿ ನೆಕ್ಕಿ ಕಣ್ಣು ಬಿಟ್ಟ.

"ನೀರ ಹಾಕಿಲ್ರೀ, ಸಾಹೇಬ್ರ," ಅಂದ. "ಖರೇನ ಹಾಕಿಲ್ಲ."

"ಯಪ್ಪಾ, ನಾ ಹಾಲ ಕೇಳಿಲ್ಲ. ಗಾಡಿ ಯಾಕ ನಿಲ್ಲಿಸಲಿಲ್ಲ?"

"ಬ್ರೇಕ ಇಲ್ರೀ. ಹೆಂಗ ನಿಲ್ಲಿಸಲಿ? ನೀವ ಬಾಜೂಕ ಸರೀತೀರಿ ಅಂತ ತಿಳಕೊಂಡೆ."

ಭುಜದ ಮೂಳೆ ಸರಿದಿತ್ತು, ಜೀವ ಉಳಿದಿತ್ತು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಹೋಗುವ ದಾರಿಯುದ್ದಕ್ಕೂ ನಾಲ್ಕು ನಾಯಿಗಳು ನನ್ನನ್ನು ಬೆನ್ನಟ್ಟಿದವು. ಸಾಹೇಬರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ, ಶಿಕ್ಷೆಯೂ ಆಯಿತು, ಆಗಲೇಬೇಕಿತ್ತು. ನಾನು ಕೈ ತೋರಿಸಿದರೆ ಯಾರಾದರೂ ನಿಲ್ಲದಿದ್ದರೆ ಅದು ಸೊಕ್ಕೇ ಆಗಬೇಕಾಗಿಲ್ಲ, ಬ್ರೇಕ್ ಇಲ್ಲದಿರಬಹುದು, ಕಿವಿ ಇಲ್ಲದಿರಬಹುದು, ಮನೆಯಲ್ಲಿ ಹೆರಿಗೆ ಇರಬಹುದು. ಗಾಡಿಯ ನಂಬರ್ ಬರೆದುಕೊಳ್ಳಲು ಪೆನ್ಸಿಲ್ ಸಾಕು. ಆ ಕೋಲನ್ನು ಮತ್ತೆ ಯಾವ ಗಾಲಿಯ ಹತ್ತಿರವೂ ಒಯ್ಯಲಿಲ್ಲ.

ಇನ್ನು ಸಾವಂತ ಸಾಹೇಬರ ವಿಷಯ. ಅವರು ಹೊಸದಾಗಿ ಬಂದ ಫೌಜದಾರರು, ಎಂದರೆ ಸಬ್ ಇನ್ಸ್‌ಪೆಕ್ಟರ್. ವಯಸ್ಸು ಚಿಕ್ಕದು, ಇಸ್ತ್ರಿ ಗಟ್ಟಿ, ಮೀಸೆ ಇನ್ನೂ ಪ್ರಯತ್ನದಲ್ಲಿತ್ತು. ಒಳ್ಳೆಯ ಮನುಷ್ಯ. ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಿರಜದ ಹೊರಗೆ, ಕರ್ನಾಟಕದ ಕಡೆಯಿಂದ ಬರುವ ರಸ್ತೆಯಲ್ಲಿ ನಾಕಾಬಂದಿ ಹಾಕಲು ಹುಕುಂ ಬಂತು. ಎಲ್ಲೋ ದರೋಡೆಯಾಗಿದೆ, ಇಬ್ಬರು, ಬಿಳಿ ಪಿಕಪ್, ಹತ್ತಿರ ಬಂದೂಕಿದೆ ಎಂದು ವಾಯರ್‌ಲೆಸ್ ಹೇಳಿತು. ಸಾಹೇಬರು ರಸ್ತೆಯ ನಡುವೆ ನಿಂತರು, ನಾನು ಪಕ್ಕದಲ್ಲಿ. ಹದಿನೈದು ನಿಮಿಷಕ್ಕೆ ಬಿಳಿ ಪಿಕಪ್ ಬಂದೇಬಿಟ್ಟಿತು. ಒಳಗೆ ಇಬ್ಬರು. ಒಬ್ಬ ನಡೆಸುತ್ತಿದ್ದಾನೆ, ಇನ್ನೊಬ್ಬ ರುಮಾಲಿನಿಂದ ಮುಖ ಮುಚ್ಚಿಕೊಂಡಿದ್ದಾನೆ. ಕಿಟಕಿಯಿಂದ ಬಟ್ಟೆ ಸುತ್ತಿದ ಒಂದು ಉದ್ದನೆಯ ವಸ್ತು ಹೊರಗೆ ಚಾಚಿಕೊಂಡಿದೆ.

ಪಿಕಪ್ ನಿಂತಿತು, ಇಂಜಿನ್ ನಿಲ್ಲಲಿಲ್ಲ. ಸಾಹೇಬರು ಪಿಸ್ತೂಲು ತೆಗೆದು ಬಾನೆಟ್ಟಿನ ಮುಂದೆ ನಿಂತು ಮರಾಠಿಯಲ್ಲಿ ಕೂಗಿದರು:

"ಖಾಲೀ ಉತರ್!"

ಕೆಳಗೆ ಇಳಿ ಎಂದರ್ಥ. ಆದರೆ ನಡೆಸುತ್ತಿದ್ದವರು ಜಮಖಂಡಿ ಕಡೆಯ ಹಿರಿಯರು, ಮರಾಠಿ ತಿಳಿಯದವರು. ಅವರಿಗೆ ತಿಳಿದದ್ದು 'ಖಾಲಿ' ಎಂಬ ಒಂದೇ ಮಾತು. ಪಿಕಪ್ ಖಾಲಿ ಇದೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು ಅವರೂ ಕೂಗಿದರು:

"ಖಾಲಿ ಇಲ್ರೀ ಸಾಹೇಬ್ರ! ತುಂಬೇತಿ!"

"ಕಾಯ್ ಮ್ಹಣತೋ?" ಏನು ಹೇಳುತ್ತಾನೆ ಎಂದು ಸಾಹೇಬರು ನನ್ನನ್ನು ಕೇಳಿದರು.

ನಾನು ನಿಷ್ಠಾವಂತ. ಇದ್ದದ್ದನ್ನು ಇದ್ದ ಹಾಗೆ ಮರಾಠಿಗೆ ತಿರುಗಿಸಿದೆ: "ಭರಲೇಲೀ ಆಹೇ ಮ್ಹಣತೋಯ, ಸಾಹೇಬ."

ಇಡೀ ನೌಕರಿಯಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು. ಮರಾಠಿಯಲ್ಲಿ ಗಾಡಿಯೂ ಹೆಣ್ಣು, ಬಂದೂಕೂ ಹೆಣ್ಣು, ಎರಡೂ 'ಭರಲೇಲೀ' ಆಗಬಹುದು. ಗಾಡಿಯಲ್ಲಿ ಸಾಮಾನು ತುಂಬಿದೆ ಎಂದು ನಾನು ಹೇಳಿದೆ. ಬಂದೂಕಿನಲ್ಲಿ ಗುಂಡು ತುಂಬಿದೆ ಎಂದು ಸಾಹೇಬರಿಗೆ ಕೇಳಿಸಿತು. ಅವರ ಮುಖ ಬೂದಿಯಾಯಿತು. ಪಿಸ್ತೂಲು ಎದೆಯ ಮಟ್ಟಕ್ಕೆ ಏರಿತು.

"ಹಾತ್ ವರ್! ಹಾತ್ ವರ್!"

ಕೈ ಮೇಲೆತ್ತು ಎಂದು. ಹಿರಿಯರಿಗೆ ಇದರಲ್ಲಿ ಕೇಳಿಸಿದ್ದು 'ವರ'. ಮುಖ ಅರಳಿತು.

"ವರ ಏನ್ರೀ? ವರ ಹಿಂದಿನ ಗಾಡ್ಯಾಗ ಬರಾಕತ್ತಾನ್ರೀ! ತಡೀರಿ, ಕಾರ್ಡ ಕೊಡ್ತೀನಿ." ಹಾಗೆಂದು ಬಗ್ಗಿ ಸೀಟಿನ ಕೆಳಗೆ ಕೈ ಹಾಕಿದರು.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಮದುವೆ! ಗಾಡಿಯ ತುಂಬ ಪಾತ್ರೆ, ರುಮಾಲು ಮುಚ್ಚಿಕೊಂಡವನು ನಿದ್ದೆ ಹೊಡೆಯುತ್ತಿರುವ ಅಡುಗೆಯವನು, ಕಿಟಕಿಯಾಚೆಗಿನದು ದೊಡ್ಡ ಹಂಡೆ ತಿರುವುವ ಸೌಟಿನ ಹಿಡಿಕೆ. ಇಷ್ಟೆಲ್ಲ ತಿಳಿಯಿತು. ಆದರೆ ಶಾಲೆಗೆ ಹೋದಾಗಿನಿಂದ ಆಡಿದ ಮರಾಠಿ ಆ ಗಳಿಗೆಯಲ್ಲಿ ನನ್ನ ಬಾಯಿಂದ ಓಡಿಹೋಗಿತ್ತು. "ಸಾಹೇಬ, ಗಾಡಿ! ಗಾಡಿ ಭರಲೇಲೀ!" ಎಂದು ಮತ್ತೆ ಅದನ್ನೇ ಒದರಿದೆ. ಸಾಹೇಬರು ಒಂದು ಕಣ್ಣು ಮುಚ್ಚಿ ಗುರಿ ಹಿಡಿದರು. ಇನ್ನು ಉಳಿದದ್ದು ಕನ್ನಡ ಒಂದೇ.

"ಮಾವಾರ! ಎರಡೂ ಕೈ ಮ್ಯಾಲ ಎತ್ರಿ! ಅಲಗ್ಯಾಡಬ್ಯಾಡ್ರಿ! ಕಾರ್ಡ ಬ್ಯಾಡ!"

ಇಷ್ಟು ಜೋರಾಗಿ ನಾನು ಕುರಿಗಳಿಗೂ ಕೂಗಿದವನಲ್ಲ. ಹಿರಿಯರು ಬೆಚ್ಚಿ ಎರಡೂ ಕೈ ಎತ್ತಿದರು. ಕೈ ಜೊತೆಗೆ ಕಾಲನ್ನೂ ಎತ್ತಿದರು. ಕ್ಲಚ್ ಬಿಟ್ಟ ಪಿಕಪ್ ಕಪ್ಪೆಯ ಹಾಗೆ ಒಮ್ಮೆ ಹಾರಿ, ನಾವು ರಸ್ತೆಗೆ ಅಡ್ಡ ಇಟ್ಟಿದ್ದ ಡ್ರಮ್ಮನ್ನು ಗುದ್ದಿ ನಿಂತಿತು. ಸಾಹೇಬರು ಪಕ್ಕಕ್ಕೆ ಜಿಗಿದು, ರಸ್ತೆ ಬದಿಯಲ್ಲಿ ಮಾರಲು ಕೂತಿದ್ದ ಒಬ್ಬ ಹೆಂಗಸಿನ ಕೊತ್ತಂಬರಿ ಬುಟ್ಟಿಯಲ್ಲಿ ಕುಳಿತರು. ಹಿಂದೆ ಪಾತ್ರೆಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಅಡುಗೆಯವನು ರುಮಾಲು ಸರಿಸಿ, "ಊಟಕ್ಕ ಹೊತ್ತಾತೇನು?" ಅಂದು, ಉತ್ತರ ಬರದಿದ್ದಕ್ಕೆ ಮತ್ತೆ ಮಲಗಿದ.

ಗುಂಡು ಹಾರಲಿಲ್ಲ.

ಆಮೇಲೆ ಹಿರಿಯರು ಇಳಿದು ಬಂದು, ಕೊತ್ತಂಬರಿ ಝಾಡಿಸಿಕೊಳ್ಳುತ್ತಿದ್ದ ಸಾಹೇಬರಿಗೆ ಮದುವೆಯ ಕಾರ್ಡ್ ಕೊಟ್ಟು, ಊಟಕ್ಕೆ ಬರಲೇಬೇಕು ಅಂದರು. ನನ್ನನ್ನು ಬದಿಗೆ ಕರೆದು ಕೇಳಿದರು: "ಸಾಹೇಬ್ರ ಕೈಯಾಗಿದ್ದ ಆ ಕರೀದು ಏನ್ರೀ, ವಾಯರ್‌ಲೆಸ್ಸಾ?"

"ಹೌದ್ರೀ ಮಾವಾರ," ಅಂದೆ. "ವಾಯರ್‌ಲೆಸ್."

ಸ್ವಲ್ಪ ಹೊತ್ತಿಗೆ ನಿಜವಾದ ವಾಯರ್‌ಲೆಸ್ ಕೂಗಿತು. ಹಿಂದಿನ ಸಂದೇಶದಲ್ಲಿ ಒಂದು ತಿದ್ದುಪಡಿಯಂತೆ. ಬಿಳಿ ಪಿಕಪ್ ಅಲ್ಲ, ಬಿಳಿ ಅಂಗಿ.

ಸಾಹೇಬರು ಚಹಾದ ಅಂಗಡಿಯ ಹಿಂದೆ ಹೋಗಿ ಕೂತರು. ಚಹಾ ಕೊಟ್ಟರೆ ಎಲ್ಲ ಇಸ್ತ್ರಿಯ ಮೇಲೆ ಚೆಲ್ಲಿಕೊಂಡರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಮಾಳಪ್ಪಾ, ನಾನು ಬೆರಳು ಒತ್ತುವವನೇ ಇದ್ದೆ. ನೀನು ಏನೋ ಕೂಗಿದೆ. ನನಗೆ ತಿಳಿಯಲಿಲ್ಲ. ಏನಂದ ಇವನು ಎಂದು ಒಂದು ಗಳಿಗೆ ಯೋಚಿಸಿದೆ. ಆ ಗಳಿಗೆಯಲ್ಲಿ ಅವರ ಕೈ ಮೇಲೆ ಬಂತು. ನೀನು ಮರಾಠಿಯಲ್ಲಿ ಕೂಗಿದ್ದರೆ?"

ಅವರ ಬೆನ್ನಿಗೆ ಅಂಟಿದ್ದ ಒಂದು ಕೊತ್ತಂಬರಿ ಎಲೆಯನ್ನು ತೆಗೆದೆ. ಇಬ್ಬರೂ ಒಮ್ಮೆಲೇ ನಗಲು ಶುರು ಮಾಡಿದೆವು. ನಗುತ್ತ ನಗುತ್ತ ಸಾಹೇಬರು ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು. ಅದು ಬಹಳ ಹೊತ್ತು ಅಲ್ಲೇ ಇತ್ತು.

ಮರುದಿನದಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಸಾಹೇಬರು ನಿಯಮ ಹೇಳಿದರು. ಗಾಡಿಯ ಎದುರಿಗೆ ಯಾರೂ ನಿಲ್ಲಬಾರದು, ಓರೆಯಾಗಿ ನಿಲ್ಲಬೇಕು. ಮಾತಾಡುವವನು ಒಬ್ಬನೇ, ಉಳಿದವರು ಬಾಯಿ ಮುಚ್ಚಿಕೊಂಡು ನೋಡಬೇಕು. ಮೊದಲು ಇಂಜಿನ್ ನಿಲ್ಲಿಸಲು ಹೇಳಬೇಕು, ಇಳಿಯುವ ಮಾತು ಆಮೇಲೆ. ಪಿಸ್ತೂಲು ಹೊರಗೆ ಬಂದರೂ ಬೆರಳು ಟ್ರಿಗರಿನಿಂದ ದೂರವಿರಬೇಕು. ಹೇಳಿದ್ದು ಅವನಿಗೆ ತಿಳಿಯಿತೋ ಇಲ್ಲವೋ ಎಂದು ನೋಡದೆ ಎರಡನೆಯ ಹುಕುಂ ಕೊಡಬಾರದು. ಇವೆಲ್ಲ ಈಗ ತರಬೇತಿಯಲ್ಲೇ ಕಲಿಸುತ್ತಾರಂತೆ. ನಮಗೆ ಕಲಿಸಿದ್ದು ಒಂದು ಸೌಟು.

ಇನ್ನೊಂದು ನಿಯಮವೂ ಇತ್ತು: ಎಲ್ಲರೂ ಕನ್ನಡ ಕಲಿಯಬೇಕು. ಮೇಷ್ಟ್ರು ನಾನು. ಠಾಣೆಯ ಬೇವಿನ ಗಿಡದ ಕೆಳಗೆ ಹನ್ನೊಂದು ಜನ ದೊಡ್ಡ ಮೀಸೆಯವರು ವಹಿ ಹಿಡಿದು ಕುಳಿತರು. ಎಲ್ಲರಿಗಿಂತ ಹಿಂದಿನ ವಿದ್ಯಾರ್ಥಿ ನನ್ನ ಜೋಡಿಯ ಹವಾಲ್ದಾರ್ ಜಾಧವ. 'ಕೈ ಮೇಲೆ' ಎಂಬ ಎರಡು ಮಾತು ಕಲಿಯಲು ಅವನಿಗೆ ಒಂದು ವಾರ ಹಿಡಿಯಿತು. ಕಲಿತ ಮೇಲೆ ಎಲ್ಲಿ ಉಪಯೋಗಿಸಲಿ ಎಂದು ಕಾಯುತ್ತಿದ್ದ.

ಸಾಂಗ್ಲಿವಾಡಿಯ ಕಡೆಯಿಂದ ಒಂದು ಮೋಟರ್‌ಸೈಕಲ್ ಬಂತು. ಕರ್ನಾಟಕದ ನಂಬರ್. ಜಾಧವನ ಎದೆ ಉಬ್ಬಿತು. ನಡೆಸುವವನು ಅಂಗಿಯೊಳಗೆ ಕೈ ಹಾಕಿದ್ದೇ ತಡ, ಓರೆಯಾಗಿ ನಿಂತು, ನಿಯಮದಂತೆ ಸ್ಪಷ್ಟವಾಗಿ ಕೂಗಿದ: "ಕೈ ಮೇಲೆ!"

ಗಾಡಿ ಮಾತ್ರ ಕರ್ನಾಟಕದ್ದು, ಯಾರಿಂದಲೋ ಕೊಂಡದ್ದು. ಮೇಲೆ ಕೂತವರು ಅಚ್ಚ ಮರಾಠಿಯವರು, ವಯಸ್ಸಾದ ತಾಯಿ ಮತ್ತು ಮಗ. ಆಸ್ಪತ್ರೆಗೆ ಸೇರಿಸಿದ್ದ ತಂದೆಯನ್ನು ನೋಡಲು ಹೊರಟಿದ್ದರು. ಮರಾಠಿ ಕಿವಿಗೆ ಜಾಧವನ ಕನ್ನಡ ಹೇಗೆ ಕೇಳಿಸಿರಬಹುದು? "ಕಾಯ್, ಮೇಲೇ?" ಏನು, ಸತ್ತರಾ?

ಅಜ್ಜಿ ಹಿಂದಿನ ಸೀಟಿನಿಂದ ಜಾರಿ ರಸ್ತೆಯ ಮೇಲೆ ಕೂತು ಎದೆ ಬಡಿದುಕೊಳ್ಳತೊಡಗಿದರು. ಪೊಲೀಸರಿಗೂ ಸುದ್ದಿ ಬಂದಿದೆ ಎಂದು ಮಗನೂ ಅಳತೊಡಗಿದ. ಜನ ಸೇರಿದರು. ಯಾರೋ ಜಾಧವನನ್ನು ಸಮಾಧಾನಪಡಿಸಿದರು. ಏನಾಯಿತೆಂದು ತಿಳಿಯದೆ ಅವನ ಕಣ್ಣಲ್ಲೂ ನೀರು ಬಂತು. ನಾನು ಓಡಿ ಬಂದು ಬಿಡಿಸಿ ಹೇಳಿದರೂ ಅಜ್ಜಿ ನಂಬಲಿಲ್ಲ. ಕೊನೆಗೆ ಜಾಧವನೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಜ್ಜ ಮಂಚದ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರಂತೆ. ಅಜ್ಜಿ ಅವರನ್ನು ಮುಟ್ಟಿ ಮುಟ್ಟಿ ನೋಡಿ, ಇಷ್ಟು ಅಳಿಸಿದ್ದಕ್ಕೆ ಅವರನ್ನೇ ಬೈದರಂತೆ.

ಅಂದಿನಿಂದ ಸಾಹೇಬರು ಭಾಷೆಯನ್ನೇ ಬಿಟ್ಟರು. ಸಂಶಯ ಬಂದರೆ ಬಾಯಿ ಬಿಡಬೇಡಿ, ನಿಮ್ಮ ಕೈಯನ್ನೇ ಮೇಲೆತ್ತಿ ತೋರಿಸಿ, ಅವರೂ ಎತ್ತುತ್ತಾರೆ ಅಂದರು. ನಾಕಾದಲ್ಲಿ ನಾವು ಹವಾಲ್ದಾರರೆಲ್ಲ ಕೈ ಮೇಲೆತ್ತಿ ನಿಂತದ್ದನ್ನು ನೋಡಿ ಬಸ್ಸಿನ ಜನ, ಪೊಲೀಸರು ಯಾರಿಗೋ ಶರಣಾಗಿದ್ದಾರೆ ಎಂದು ನಗುತ್ತಿದ್ದರು. ನಗಲಿ ಎಂದೆವು. ಮಕ್ಕಳಂತೂ ನಾವು ಕೇಳದಿದ್ದರೂ ಎತ್ತುತ್ತಿದ್ದರು. ಸಾವಂತ ಸಾಹೇಬರು ಇದ್ದಷ್ಟು ವರ್ಷ ನಮ್ಮ ನಾಕಾದಲ್ಲಿ ಯಾರಿಗೂ ಒಂದು ಗೀರೂ ಆಗಲಿಲ್ಲ, ಡ್ರಮ್ಮನ್ನು ಬಿಟ್ಟು.

ಅವರಿಗೆ ವರ್ಗವಾದ ಮೇಲೆ, ನಾನು ನಿವೃತ್ತನಾಗುವ ವರ್ಷದ ಒಂದು ಮಾತು ಹೇಳಿ ಮುಗಿಸುತ್ತೇನೆ. ಸಾಂಗ್ಲಿಯ ಬೆಲ್ಲದ ಪೇಟೆ, ಸುಡುಬಿಸಿಲು. ಒಂದು ಕಾರು ಹಾವಿನ ಹಾಗೆ ಹರಿದು ಬಂದು, ಒಂದು ಕೈಗಾಡಿಗೆ ಸವರಿ, ರಸ್ತೆಯ ನಡುವೆ ನಿಂತುಬಿಟ್ಟಿತು. ಹಿಂದೆ ಹಾರ್ನುಗಳ ಗದ್ದಲ. ಒಳಗೆ ಒಬ್ಬ ದಪ್ಪನೆಯ ಮನುಷ್ಯ, ಕಣ್ಣು ಅರ್ಧ ಮುಚ್ಚಿದೆ. ಜಾಧವ ಬಾಗಿಲು ತೆರೆದು ಇಳಿಯಲು ಹೇಳಿದ. ಆತ ತೊದಲಿದ, ಜಾಧವನ ಕೈಯನ್ನು ಕೊಡವಿದ, ಏನೋ ಬೈದ.

"ದಾರೂ ಪ್ಯಾಯಲಾಯ್," ಕುಡಿದಿದ್ದಾನೆ ಎಂದು ಜಾಧವ ತೀರ್ಪು ಕೊಟ್ಟ. ಸುತ್ತಲಿನ ಜನವೂ ನಾಲ್ಕು ಹಾಕಿ ಅಂದರು. ಬಿಸಿಲಿಗೆ ಜಾಧವನ ತಲೆಯೂ ಕಾದಿತ್ತು. ಕೋಲು ಎತ್ತಿದ.

"ತಡಿ," ಅಂದೆ. ನಾನು ಆ ಮನುಷ್ಯನ ಕೈ ನೋಡುತ್ತಿದ್ದೆ. ನಡುಗುತ್ತಿತ್ತು. ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಬಗ್ಗಿ ಮೂಸಿದೆ, ದಾರೂ ವಾಸನೆ ಇರಲಿಲ್ಲ. ನನ್ನ ಹೆಂಡತಿ ಕಸ್ತೂರಿಗೆ ಸಕ್ಕರೆ ಕಾಯಿಲೆ. ಗುಳಿಗೆ ತೆಗೆದುಕೊಂಡು ಊಟ ಮರೆತ ದಿನ ಅವಳೂ ಹೀಗೆಯೇ ಬೆವರುತ್ತಾಳೆ, ತೊದಲುತ್ತಾಳೆ, ನನ್ನನ್ನು ಬೈಯುತ್ತಾಳೆ. ಬೈಗುಳ ಮಾತ್ರ ಬೇರೆ ದಿನವೂ ಇರುತ್ತದೆ, ಆದ್ದರಿಂದ ಬೆವರನ್ನು ನೋಡಬೇಕು.

"ಜಾಧವ, ಕೋಲು ಇಡು. ಬೆಲ್ಲ ತಾ. ಓಡು!"

ಪೇಟೆಯಲ್ಲಿ ಬೆಲ್ಲಕ್ಕೇನು ಕಡಿಮೆ? ಅವನು ಎದುರಿನ ಅಂಗಡಿಯ ಕಟ್ಟೆಯ ಮೇಲಿಟ್ಟಿದ್ದ ಬೆಲ್ಲದ ಪೆಂಟೆಯಿಂದ ಒಂದು ತುಂಡು ಮುರಿದು ತಂದ. ಆ ಮನುಷ್ಯನಿಗೆ ನುಂಗುವಷ್ಟು ಎಚ್ಚರವಿತ್ತು. ಸಣ್ಣ ಸಣ್ಣ ಚೂರು ಮಾಡಿ ಬಾಯಿಗಿಟ್ಟೆ. ಆಂಬುಲೆನ್ಸಿಗೆ ಫೋನ್ ಮಾಡಿಸಿದೆ. ಜಾಧವ ಟೊಪ್ಪಿಗೆ ತೆಗೆದು ಗಾಳಿ ಹಾಕುತ್ತ ನಿಂತ. ಒಂದೊಂದು ನಿಮಿಷವೂ ಉದ್ದವಾಗಿತ್ತು. ಆ ಕೋಲು ಬಿದ್ದಿದ್ದರೆ ಕುಡುಕ ಎಂದು ಲಾಕಪ್ಪಿನಲ್ಲಿ ಮಲಗಿಸುತ್ತಿದ್ದೆವು, ಏಳಿಸಲು ಹೋದಾಗ ಏಳುತ್ತಿರಲಿಲ್ಲ.

ನಿಧಾನವಾಗಿ ಆತನ ಕಣ್ಣು ತೆರೆಯಿತು. ಬಾಯಿ ಚಪ್ಪರಿಸಿದ. ಹುಬ್ಬು ಗಂಟಿಕ್ಕಿದ. ಅಚ್ಚ ಕನ್ನಡದಲ್ಲಿ ಅಂದ:

"ಎಂಥಾ ಬೆಲ್ಲರೀ ಇದು? ಎರಡನೇ ನಂಬರಿನ ಮಾಲು. ಯಾರ ಅಂಗಡೀದು?"

ಜಾಧವನಿಗೆ ಅಷ್ಟು ಕನ್ನಡ ಬರುತ್ತಿತ್ತು. ಎದುರಿನ ಅಂಗಡಿಯತ್ತ ಕೈ ತೋರಿಸಿದ. ಅಷ್ಟರಲ್ಲಿ ಆ ಅಂಗಡಿಯ ಹಮಾಲ, "ಯಪ್ಪಾ, ಇವ್ರು ನಮ್ಮ ಮಾಲಕ್ರು!" ಎಂದು ಕೂಗುತ್ತ ಓಡಿ ಬರುತ್ತಿದ್ದ.

ಆತ ತಲೆ ತಿರುಗಿಸಿ ತನ್ನದೇ ಅಂಗಡಿಯ ಬೋರ್ಡನ್ನು ಬಹಳ ಹೊತ್ತು ನೋಡಿದ. ಆಮೇಲೆ ನಮ್ಮ ಕಡೆ ತಿರುಗಿ ಬಾಯಿ ತೆರೆದ.

"ಹಂಗಾರ ಇನ್ನೊಂದೀಟ ಕೊಡ್ರಿ," ಅಂದ.